ಮಳೆಯ ಸುದ್ದಿಯನ್ನು ಯಾವ ದಡದಲ್ಲಿ ನಿಂತು ಓದುತ್ತೇವೆ?

ಮಳೆಗಾಲದ ತಿಂಗಳುಗಳಲ್ಲಿ ಕೊಡಗಿನ ಪತ್ರಿಕೆಗಳಲ್ಲಿ ದಿನ ತಪ್ಪದೆ ಬರುವ ಒಂದು ಬರಹವಿದೆ. ಬರೆದವರ ಹೆಸರು ಅದಕ್ಕಿಲ್ಲ, ಚಿತ್ರವಿಲ್ಲ, ಹುಡುಕಿದರೂ ಒಂದು ವಿಶೇಷಣ ಸಿಗುವುದಿಲ್ಲ. ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಗಳ ಅವಧಿಯಲ್ಲಿ ಜಿಲ್ಲೆಯ ಸರಾಸರಿ ಮಳೆ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು, ಜನವರಿಯಿಂದ ಈವರೆಗೆ ಇಷ್ಟು ಎಂದು ಆರಂಭವಾಗುವ ಅದು ತಾಲ್ಲೂಕುಗಳನ್ನು ದಾಟಿ ಹೋಬಳಿಗಳಿಗೆ ಇಳಿಯುತ್ತದೆ: ಮಡಿಕೇರಿ ಕಸಬಾ, ನಾಪೋಕ್ಲು, ಸಂಪಾಜೆ, ಭಾಗಮಂಡಲ, ಹುದಿಕೇರಿ, ಶ್ರೀಮಂಗಲ, ಅಮ್ಮತ್ತಿ, ಬಾಳೆಲೆ, ಶಾಂತಳ್ಳಿ, ಶನಿವಾರಸಂತೆ, ಕೊಡ್ಲಿಪೇಟೆ, ಸುಂಟಿಕೊಪ್ಪ. ಕೊನೆಯಲ್ಲಿ ಹಾರಂಗಿ ಜಲಾಶಯ: ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅಲ್ಲಿಗೆ ಸುದ್ದಿ ಮುಗಿಯಿತು. ಹೊರಗಿನವರ ಕಣ್ಣಿಗೆ ಇದು ಜಾಗ ತುಂಬಿಸಲು ಹಾಕಿದ ಅಂಕಿಗಳ ಸಾಲು. ಇಲ್ಲಿಯವರು ಮಾತ್ರ ಪತ್ರಿಕೆ ಕೈಗೆ ಬಂದೊಡನೆ ಮೊದಲು ತಮ್ಮ ಹೋಬಳಿಯನ್ನು, ಆಮೇಲೆ ಮಗಳನ್ನು ಕೊಟ್ಟ ಊರಿನ ಹೋಬಳಿಯನ್ನು ಹುಡುಕುತ್ತಾರೆ.

ಸುದ್ದಿಮಾಧ್ಯಮಗಳು ಹವಾಮಾನಕ್ಕೆ ಅತಿಯಾದ ಜಾಗ ಕೊಡುತ್ತವೆ ಎಂಬ ಆಕ್ಷೇಪವನ್ನು ಇತ್ತೀಚೆಗೆ ಪದೇ ಪದೇ ಕೇಳುತ್ತಿದ್ದೇನೆ. ಬಿಸಿಲು ಬಂದರೆ ಸುದ್ದಿ, ಮಳೆ ಬಂದರೆ ಸುದ್ದಿ, ಬಾರದಿದ್ದರೆ ಇನ್ನೂ ದೊಡ್ಡ ಸುದ್ದಿ ಎಂದು ಗೊಣಗುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸಂಪಾದಕರ ಕಡೆಯಿಂದ ನೋಡಿದರೆ ಹವಾಮಾನದಷ್ಟು ಅನುಕೂಲದ ವಿಷಯ ಮತ್ತೊಂದಿಲ್ಲ. ಅದು ಪ್ರತಿದಿನ ಹೊಸದಾಗಿ ಹುಟ್ಟುತ್ತದೆ, ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ, ಯಾವ ಪಕ್ಷಕ್ಕೂ ಸೇರಿಲ್ಲ. ಚಿತ್ರವಂತೂ ಬೀದಿಯಲ್ಲೇ ಸಿಗುತ್ತದೆ. ಆದರೂ ಇಷ್ಟರಿಂದಲೇ ಅದರ ಪ್ರಾಮುಖ್ಯವನ್ನು ವಿವರಿಸಲಾಗದು. ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದನ್ನು ಓದುಗನ ಪರವಾಗಿ ನಿರ್ಧರಿಸಬಲ್ಲ ಸುದ್ದಿ ದಿನಪತ್ರಿಕೆಯಲ್ಲಿ ಎಷ್ಟಿರುತ್ತದೆ? ವಿಧಾನಸಭೆಯ ಗದ್ದಲವನ್ನು ಓದಿ ನಾನು ಆಳುಗಳಿಗೆ ಬೇರೆ ಕೆಲಸ ಹೇಳುವುದಿಲ್ಲ. ಮಳೆಯ ಮುನ್ಸೂಚನೆ ಓದಿದರೆ ಗೊಬ್ಬರ ಹಾಕುವುದನ್ನು ನಿಲ್ಲಿಸುತ್ತೇನೆ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮುಂದೂಡುತ್ತೇನೆ, ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆಯೊಳಗೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿಸುತ್ತೇನೆ. ಹಾಗಾಗಿ ಹವಾಮಾನಕ್ಕೆ ಎಷ್ಟು ಜಾಗ ಸಿಗುತ್ತದೆ ಎಂಬುದಕ್ಕಿಂತ ಆ ಜಾಗದಲ್ಲಿ ಯಾರ ಹವಾಮಾನ ಕಾಣಿಸುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ.

ಇಲ್ಲಿನ ತೋಟಗಳಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವ ರೂಢಿ ಇನ್ನೂ ಪೂರ್ತಿ ಬಂದಿಲ್ಲ. ಮಾತೆಲ್ಲ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮನೆಯ ಮಳೆಮಾಪಕ ಕಾಫಿ ಕಣದ ಅಂಚಿನಲ್ಲಿ, ಮರದ ಹನಿ ಬೀಳದಷ್ಟು ಬಯಲಿನಲ್ಲಿದೆ. ಬೆಳಿಗ್ಗೆ ಅದರ ಆಲಿಕೆಯನ್ನು ಎತ್ತಿ, ಒಳಗಿನ ಪಾತ್ರೆಯ ನೀರನ್ನು ಅಳತೆಯ ಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈ ನಡುವೆ ತಗ್ಗಿದಲ್ಲಿ ಓದಬೇಕು. ಅಂಚಿನಲ್ಲಿ ಓದಿದರೆ ಲೆಕ್ಕ ಹೆಚ್ಚು ಬರುತ್ತದೆ. ದೊಡ್ಡ ತೋಟಗಳಲ್ಲಿ ಈ ಕೆಲಸ ಲೆಕ್ಕಪತ್ರ ನೋಡುವ ರೈಟರ್‌ಗೆ ಸೇರಿದ್ದು, ಸಣ್ಣ ತೋಟಗಳಲ್ಲಿ ಮನೆಯಲ್ಲಿ ಮೊದಲು ಎದ್ದವರದ್ದು. ಅಂಕಿ ಪುಸ್ತಕಕ್ಕೆ ಹೋಗುತ್ತದೆ. ಒಂದು ತಲೆಮಾರಿನವರು ಬರೆದಿಟ್ಟ ಪುಸ್ತಕವನ್ನು ಮುಂದಿನ ತಲೆಮಾರಿನವರು ಮುಂದುವರಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಜಮ್ಮಾ ಹಿಡುವಳಿಯ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಕಾಗದಪತ್ರಗಳ ಪಕ್ಕದಲ್ಲೇ ಅದನ್ನು ಇಟ್ಟುಕೊಂಡವರನ್ನು ನಾನು ಬಲ್ಲೆ.

ಪುಸ್ತಕಕ್ಕೆ ಹೋದ ಅಂಕಿ ಅಲ್ಲೇ ನಿಲ್ಲುವುದಿಲ್ಲ.

"ಎಷ್ಟು ಬಂತು ಅಣ್ಣ ನಿಮ್ಮಲ್ಲಿ?"

"ನಲವತ್ತು ಸೆಂಟ್. ನಿಮಗೆ?"

"ನಮಗೆ ಬರೀ ಹನ್ನೆರಡು. ತೋಡಿನ ಆಚೆಗೇ ನಿಂತುಬಿಟ್ಟಿತು ನೋಡಿ."

ಒಂದೇ ಊರಿನ ಎರಡು ತೋಟಗಳ ನಡುವಿನ ಈ ಮಾತುಕತೆ ಈಗ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ನೆಲೆಸಿದೆ. ಊರಿನ ಹೆಸರು, ಮುಂದೆ ಒಂದು ಅಂಕಿ, ಅದರ ಕೆಳಗೆ ಇನ್ನೊಬ್ಬರ ಅಂಕಿ. ಹೆಚ್ಚು ಮಳೆ ಬಂದವನ ಬರಹದಲ್ಲಿ ಸಣ್ಣದೊಂದು ಜಂಬವೂ ಇರುತ್ತದೆ, ಮೋಡವನ್ನು ತಾನೇ ಕರೆಸಿಕೊಂಡವನಂತೆ. ಬೆಳಿಗ್ಗೆ 8.30ರ ಹೊತ್ತು ಮಾತ್ರ ನಮ್ಮ ಆಯ್ಕೆಯದಲ್ಲ. ಅದು ಗ್ರೀನಿಚ್ ಸಮಯದ ನಸುಕಿನ 3 ಗಂಟೆ, ದೇಶದ ಹವಾಮಾನ ಕೇಂದ್ರಗಳೆಲ್ಲ ಒಟ್ಟಿಗೆ ಮಳೆ ಅಳೆಯುವ ಹೊತ್ತು. ಹೀಗೆ ತೋಟದ ಮೂಲೆಯಲ್ಲಿ ಗಾಜು ಹಿಡಿದು ನಿಂತವನಿಗೂ ಸರ್ಕಾರದ ವೀಕ್ಷಕನಿಗೂ ಒಂದೇ ಗಡಿಯಾರ.

ಅಳೆದದ್ದು ಸುದ್ದಿಯಾಗುವ ವಾಡಿಕೆಯ ಹಿಂದೆ ಸಾವುಗಳಿವೆ. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸ್‌ನ ಆಂಗಲ್ಸೀ ದ್ವೀಪದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದು ನೂರಾರು ಜನ ಸತ್ತರು. ಹಿಂದೆ ಡಾರ್ವಿನ್ನನನ್ನು ಬೀಗಲ್ ಹಡಗಿನಲ್ಲಿ ಕರೆದೊಯ್ದಿದ್ದ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್ ಆಗ ಬ್ರಿಟನ್ನಿನ ಹವಾಮಾನ ಇಲಾಖೆಯ ಮುಖ್ಯಸ್ಥ. ಟೆಲಿಗ್ರಾಫಿನ ಮೂಲಕ ಬಂದರುಗಳಿಂದ ಮಾಹಿತಿ ತರಿಸಿಕೊಂಡು ಬಿರುಗಾಳಿಯ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಅವನು ಕಟ್ಟಿದ; 1861ರ ಆಗಸ್ಟ್ 1ರಂದು ಅವನ ಮುನ್ಸೂಚನೆ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಮುನ್ಸೂಚನೆ ತಪ್ಪಿದ ದಿನಗಳಲ್ಲಿ ಪತ್ರಿಕೆಗಳು ಅವನನ್ನು ಗೇಲಿ ಮಾಡಿದವು. ಅವನು ತೀರಿಕೊಂಡ ಮೇಲೆ ಮುನ್ಸೂಚನೆಯನ್ನೂ ಎಚ್ಚರಿಕೆಯನ್ನೂ ನಿಲ್ಲಿಸಲಾಯಿತು. ಬಿರುಗಾಳಿಯ ಎಚ್ಚರಿಕೆಯಾದರೂ ಬೇಕೆಂದು ಕಡಲಿಗೆ ಇಳಿಯುವವರು ಒತ್ತಾಯಿಸಿದ್ದರಿಂದ 1867ರಲ್ಲಿ ಅದು ಮರಳಿತು. ನಮ್ಮ ದೇಶದ ಕಥೆಯೂ ಬೇರೆಯಲ್ಲ. 1864ರಲ್ಲಿ ಕಲ್ಕತ್ತೆಗೆ ಅಪ್ಪಳಿಸಿದ ಚಂಡಮಾರುತ, ಅದರ ಬೆನ್ನಿಗೆ 1866 ಮತ್ತು 1871ರಲ್ಲಿ ಕೈಕೊಟ್ಟ ಮುಂಗಾರು, ಇವುಗಳ ನಂತರವೇ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು. ಅಂದು ಮುನ್ಸೂಚನೆಯನ್ನು ಗೇಲಿ ಮಾಡುವ ಓದುಗ ದಡದಲ್ಲಿದ್ದ, ಅದು ಬೇಕೆಂದು ಕೇಳುವವನು ದೋಣಿಯಲ್ಲಿದ್ದ. ಈ ಅಂತರ ಇಂದಿಗೂ ಹಾಗೆಯೇ ಉಳಿದಿದೆ.

ಈಗಿನ ಎಚ್ಚರಿಕೆಗಳಿಗೆ ಬಣ್ಣ ಬಂದಿದೆ. 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4ಕ್ಕಿಂತ ಹೆಚ್ಚಾದರೆ ಅದರಾಚೆಯ ವರ್ಗ. ಅದಕ್ಕೆ ತಕ್ಕಂತೆ ಹಳದಿ, ಕಿತ್ತಳೆ, ಕೆಂಪು. ಬಣ್ಣ ಬಳಿಯುವುದು ಜಿಲ್ಲೆಯ ಲೆಕ್ಕದಲ್ಲಿ. ಕೊಡಗಿನಂಥ ಜಿಲ್ಲೆಯಲ್ಲಿ ತೊಡಕು ಇರುವುದೇ ಇಲ್ಲಿ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಬ್ರಹ್ಮಗಿರಿಯಿಂದ ಪುಷ್ಪಗಿರಿಯವರೆಗಿನ ಸಾಲನ್ನು ಏರುವಾಗ ತಣಿದು ಸುರಿಯುತ್ತದೆ, ದಾಟಿ ಇಳಿಯುವಾಗ ಬರಿದಾಗುತ್ತದೆ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವುದು ಅಪರೂಪವಲ್ಲ. ಬಸ್ಸಿನಲ್ಲಿ ಕೆಲವು ಗಂಟೆಗಳ ದೂರದ ಕುಶಾಲನಗರಕ್ಕೆ ಅದರ ಐದನೇ ಒಂದು ಪಾಲು ಸಿಕ್ಕರೆ ಸಾಕೆನ್ನುವ ಸ್ಥಿತಿ. ಆದರೂ ಟಿ.ವಿ. ಪರದೆಯಲ್ಲಿ ಇಡೀ ಕೊಡಗು ಒಂದೇ ಕೆಂಪು. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿ ನಾಪೋಕ್ಲು ರಸ್ತೆಯ ಮೇಲೆ ನೀರು ಹರಿಯುವ ದಿನವೂ ಕೊಡ್ಲಿಪೇಟೆಯ ಕಡೆಯ ಹೊಲದವನು ಆಕಾಶ ನೋಡುತ್ತಾ ಕುಳಿತಿರಬಹುದು. ಹೋಬಳಿವಾರು ಅಂಕಿಗಳ ಆ ನೀರಸ ಕೋಷ್ಟಕವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ: ಬಣ್ಣ ಅಳಿಸಿಹಾಕಿದ್ದನ್ನು ಅದು ಮರಳಿ ತೋರಿಸುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಂಕಿ ಕಳಿಸುವ ಮಳೆಮಾಪಕಗಳನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನೆಟ್ಟಿದೆ. 'ವರುಣಮಿತ್ರ' ಸಹಾಯವಾಣಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿದರೆ ವಿವರ ಕೊಡುತ್ತಾರೆ. ಇಷ್ಟೆಲ್ಲ ಇದ್ದೂ ಸಂಜೆಯ ಶೀರ್ಷಿಕೆ "ಕೊಡಗಿಗೆ ರೆಡ್ ಅಲರ್ಟ್" ಎಂದೇ ಇರುತ್ತದೆ. ಜುಲೈ ತಿಂಗಳಲ್ಲಿ ಜಿಲ್ಲೆಯ ಅತಿ ಹೆಚ್ಚು ಓದುಗರಿರುವ ಹವಾಮಾನ ವರದಿ ಯಾವುದೆಂದರೆ, ನನ್ನ ಅಂದಾಜಿನಲ್ಲಿ, ಶಾಲೆಗಳಿಗೆ ರಜೆ ಘೋಷಿಸುವ ಜಿಲ್ಲಾಧಿಕಾರಿಗಳ ಆದೇಶ. ಅದಕ್ಕಿರುವ ಬೇಡಿಕೆ ಎಷ್ಟೆಂದರೆ ಹಿಂದಿನ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ಹರಿಬಿಡುವ ಪುಣ್ಯಾತ್ಮರೂ ಇದ್ದಾರೆ.

2018ರ ಆಗಸ್ಟ್ ಬಗ್ಗೆ ಬರೆಯದೆ ಕೊಡಗಿನ ಮಳೆಯ ಸುದ್ದಿಯ ಬಗ್ಗೆ ಬರೆಯಲು ಬರುವುದಿಲ್ಲ. ಜೂನ್‌ನಿಂದಲೇ ಬಿಡುವಿಲ್ಲದೆ ಸುರಿದು ನೆನೆದಿದ್ದ ಗುಡ್ಡಗಳು ತಿಂಗಳ ನಡುವಿನ ಕೆಲವೇ ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಕಾಲೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಕಳಚಿ ಇಳಿದವು. 20ರಷ್ಟು ಜನ ಸತ್ತರು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ತುಂಡಾಯಿತು. ಅಂತಸ್ತಿನ ಮನೆಯೊಂದು ಬುಡ ಕಳಚಿ ಇಳಿಜಾರಿಗೆ ಜಾರುವ ದೃಶ್ಯವನ್ನು ದೇಶವೆಲ್ಲ ನೋಡಿತು, ಮತ್ತೆ ಮತ್ತೆ ನೋಡಿತು. ಆ ಪ್ರಚಾರದಿಂದ ಉಪಕಾರವಾಯಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ: ಅಕ್ಕಿ, ಹೊದಿಕೆ, ಔಷಧಿ ಹೊತ್ತ ಲಾರಿಗಳು ರಾಜ್ಯದ ಮೂಲೆಮೂಲೆಯಿಂದ ಬಂದವು, ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಮುಂದೆ ಎದ್ದ ಪುನರ್ವಸತಿ ಮನೆಗಳ ಹಿಂದೆ ಆ ಚಿತ್ರಗಳು ಹುಟ್ಟಿಸಿದ ಒತ್ತಡವೂ ಇತ್ತು.

ಆದರೆ ಅದೇ ಚಿತ್ರಗಳು ಕೊಡಗು ಪೂರ್ತಿ ಕೊಚ್ಚಿಹೋಯಿತೆಂಬ ತಿಳಿವಳಿಕೆಯನ್ನೂ ಬಿತ್ತಿದವು. ಕುಸಿದದ್ದು ಹೆಚ್ಚಾಗಿ ಮಡಿಕೇರಿಯ ಉತ್ತರ ಮತ್ತು ಪಶ್ಚಿಮದ ಗುಡ್ಡಸಾಲು, ದಕ್ಷಿಣ ಕೊಡಗಿನ ಗೋಣಿಕೊಪ್ಪದಲ್ಲಿ ಸಂತೆ ನಡೆಯುತ್ತಿದ್ದ ಕಾಲಕ್ಕೂ ದೂರದ ನಂಟರು "ನೀವೆಲ್ಲ ಬದುಕಿದ್ದೀರಾ?" ಎಂದು ಫೋನ್ ಮಾಡುತ್ತಿದ್ದರು. ಹೋಂಸ್ಟೇಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು. ಮರುವರ್ಷ ಮೊದಲ ಮೋಡ ಕಾಣುವ ಮೊದಲೇ, ಈ ಸಲ ಹೋದ ಸಲಕ್ಕಿಂತ ಹೆಚ್ಚು ಸುರಿಯುತ್ತದೆ ಎನ್ನುವ ಅನಾಮಧೇಯ ಧ್ವನಿಮುದ್ರಿಕೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದಾಗ, ಕರಡಿಗೋಡು, ನೆಲ್ಯಹುದಿಕೇರಿಯ ನದಿ ದಂಡೆಯ ಮನೆಗಳಿಗೆ ಕಾವೇರಿ ನುಗ್ಗಿದಾಗ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿದಾಗ ಕ್ಯಾಮೆರಾಗಳು ಮತ್ತೆ ಬಂದವು, ಮಳೆ ಬಿಟ್ಟೊಡನೆ ಮತ್ತೆ ಹೋದವು.

ನನ್ನ ತಕರಾರು ಆ ಹೋಗುವಿಕೆಯ ಬಗ್ಗೆ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 2018ರ ಕುಸಿತಗಳನ್ನು ನೋಡಿ ಹೇಳಿದ್ದು ಅತಿಮಳೆಯ ಮಾತನ್ನಷ್ಟೇ ಅಲ್ಲ. ಮನೆಗಾಗಿ, ರಸ್ತೆಗಾಗಿ ಇಳಿಜಾರನ್ನು ಕಡಿದು ನಿಲ್ಲಿಸಿದ್ದನ್ನೂ ಕಾರಣವಾಗಿ ಗುರುತಿಸಿದರು. ನಮ್ಮ ಕಡೆ "ಮನೆಯ ಹಿಂಬದಿಯ ಬರೆ ಕುಸಿದಿದೆ" ಎಂಬ ಸುದ್ದಿ ಪ್ರತಿ ಮಳೆಗಾಲ ಬರುತ್ತದೆ. ಬರೆಯೆಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ. ಆ ಬರೆಯನ್ನು ಜೆ.ಸಿ.ಬಿ. ನೆಟ್ಟಗೆ ಕತ್ತರಿಸಿದ್ದು ಜನವರಿಯ ಒಳ್ಳೆಯ ಬಿಸಿಲಿನಲ್ಲಿ. ಆ ದಿನ ಅದು ಯಾರಿಗೂ ಸುದ್ದಿಯಲ್ಲ. ಮಳೆಗೆ ತಾರೀಖಿದೆ, ಗಂಟೆಯಿದೆ, ಅಳತೆಯಿದೆ. ಗುಡ್ಡ ಕಡಿಯುವುದಕ್ಕೆ ಇವು ಯಾವುವೂ ಇಲ್ಲ. ಆಗಸ್ಟಿನಲ್ಲಿ ವರದಿ ಬರೆಯುವವರ ಕೈಗೆ ಸಿಗುವುದು ಮಳೆಯೊಂದೇ ಆದ್ದರಿಂದ ಹೊಣೆಯೂ ಮಳೆಯ ಮೇಲೆಯೇ ಬೀಳುತ್ತದೆ. ಅದರಿಂದ ಅನೇಕರಿಗೆ ಅನುಕೂಲವಾಗಿದೆ, ಗುಡ್ಡದ ಮೇಲೆ ನಿವೇಶನ ಮಾಡಿ ಮಾರಿದವರಿಗಂತೂ ಬಹಳ.

ಇನ್ನು ಕೊಡಗಿನ ಮಳೆ ಬೆಂಗಳೂರಿನ ಪತ್ರಿಕೆಗಳ ಮುಖಪುಟಕ್ಕೆ ಏರುವ ಮತ್ತೊಂದು ಸಂದರ್ಭ ಎಲ್ಲರಿಗೂ ಗೊತ್ತಿರುವಂಥದು. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. "ಕೊಡಗಿನಲ್ಲಿ ಉತ್ತಮ ಮಳೆ, ಕೆ.ಆರ್.ಎಸ್. ಒಳಹರಿವು ಹೆಚ್ಚಳ" ಎಂಬ ವಾಕ್ಯವನ್ನು ನಾನು ಓದುತ್ತ ಬೆಳೆದಿದ್ದೇನೆ. ಆ 'ಉತ್ತಮ' ಮಳೆಯ ದಿನ ಇಲ್ಲಿ ವಿದ್ಯುತ್ ಕಂಬ ಉರುಳಿ ಮೂರು ದಿನ ಕತ್ತಲಿದ್ದಿರಬಹುದು, ನಾಟಿ ಮಾಡಿದ ಗದ್ದೆಯಲ್ಲಿ ಪೈರು ಕೊಳೆಯುತ್ತಿದ್ದಿರಬಹುದು, ಕಾಫಿ ಗಿಡದ ಕಾಯಿ ಉದುರುತ್ತಿದ್ದಿರಬಹುದು. ಇದನ್ನು ದೂರಾಗಿ ಹೇಳುತ್ತಿಲ್ಲ. ಮಂಡ್ಯದ ರೈತನಿಗೆ ನಾಲೆಯಲ್ಲಿ ನೀರು ಬರುವುದೂ, ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿಯನ್ನು ಕುಡಿಯುವ ಬೆಂಗಳೂರಿನ ಮನೆಗಳಿಗೆ ನಲ್ಲಿ ತಿರುಗಿಸಿದಾಗ ನೀರು ಸಿಗುವುದೂ ಇಲ್ಲಿ ಎಷ್ಟು ಸುರಿಯಿತು ಎಂಬುದರ ಮೇಲೆ ನಿಂತಿದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ಮಳೆಯ ವರ್ಷದಲ್ಲಿ ತಮಿಳುನಾಡಿಗೆ ಬಿಡಬೇಕಾದದ್ದು 177.25 ಟಿ.ಎಂ.ಸಿ. ಅಡಿ ಎಂದು ಹೇಳಿದ ಮೇಲೆ ಭಾಗಮಂಡಲದ ಒಂದು ರಾತ್ರಿಯ ಮಳೆಗೆ ಎರಡು ರಾಜ್ಯಗಳ ರಾಜಕೀಯವೂ ಕಿವಿಗೊಡಬೇಕಾಗಿದೆ. 2023ರಲ್ಲಿ ಕಟ್ಟೆ ತುಂಬಲಿಲ್ಲ, ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರುಗಳ ಹಿಂದೆ ಓಡಿತು. 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿ, ಮುಖ್ಯಮಂತ್ರಿಗಳು ಆ ತಿಂಗಳಲ್ಲೇ ಬಾಗಿನ ಅರ್ಪಿಸಿದರು. ಎರಡೂ ದೊಡ್ಡ ಸುದ್ದಿಗಳು, ಆಗಲೇಬೇಕಾದವು. ಆದರೂ ಗಮನಿಸಿ, ಅಲ್ಲಿ ಕೊಡಗು ಇರುವುದು ನೀರು ಬರುವ ದಿಕ್ಕಾಗಿ.

ಕೊಡಗಿನ ಜನರ ವರ್ಷವನ್ನು ನಿರ್ಧರಿಸುವ ಮಳೆ ಜುಲೈನಲ್ಲಿ ಬೀಳುವುದೇ ಇಲ್ಲ. ಅದು ಬೀಳುವುದು, ಬೀಳುವುದಾದರೆ, ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗಿನ ಯಾವುದೋ ಸಂಜೆ, ಗುಡುಗಿನ ಜೊತೆ, ಒಂದು ಗಂಟೆಯ ಮಟ್ಟಿಗೆ. ಕಾಫಿ ಹೂವನ್ನು ಅರಳಿಸುವ ಇದನ್ನು ಹೂ ಮಳೆ ಎನ್ನುತ್ತೇವೆ. ಕೊಯ್ಲು ಮುಗಿದು ಬಿಸಿಲಿಗೆ ಬಾಡಿ ನಿಂತ ಕಾಫಿ ಗಿಡದ ಮೊಗ್ಗು ಒಂದು ಹದಕ್ಕೆ ಬಂದು ನೀರಿಗಾಗಿ ಕಾಯುತ್ತಿರುತ್ತದೆ. ಒಂದು ಇಂಚಿನ ಹತ್ತಿರ ಬಿದ್ದರೆ ವಾರ, ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯನ್ನು ನೆನಪಿಸುವ ವಾಸನೆ ರಸ್ತೆಯವರೆಗೆ ಬರುತ್ತದೆ. ಹದಿನೈದು ಇಪ್ಪತ್ತು ಸೆಂಟ್ ಮಾತ್ರ ಬಿದ್ದು ನಿಂತರೆ ಬಾರದಿದ್ದದ್ದೇ ಮೇಲಿತ್ತು ಎನ್ನುವಂತಾಗುತ್ತದೆ, ಏಕೆಂದರೆ ಮೊಗ್ಗು ಅರೆಬರೆ ಎಚ್ಚೆತ್ತು ಒಣಗುತ್ತದೆ. ಹೂ ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ಮೂರು ವಾರದೊಳಗೆ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಮಳೆ ಎನ್ನುವುದು, ಬರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಕೆರೆ, ಹೊಳೆ ಹತ್ತಿರವಿದ್ದವರು ಸ್ಪ್ರಿಂಕ್ಲರ್ ಹಾರಿಸಿ ರೊಬಸ್ಟಾ ಜಾತಿಯ ಕಾಫಿಯನ್ನು ಕಾಯುತ್ತಾರೆ. ಉಳಿದವರು ಪಡುವಣ ಆಕಾಶ ನೋಡುತ್ತಾರೆ. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುವ ಜಿಲ್ಲೆಯ ಒಂದು ವರ್ಷದ ಗಳಿಕೆ ಈ ಒಂದೆರಡು ಸಂಜೆಗಳಲ್ಲಿ ತೀರ್ಮಾನವಾಗುತ್ತದೆ. ಆ ದಿನಗಳಲ್ಲಿ ರಾಜ್ಯದ ವಾಹಿನಿಗಳ ಹವಾಮಾನವೆಂದರೆ ಕಲಬುರಗಿಯ ಬಿಸಿಲು ಎಷ್ಟು ಡಿಗ್ರಿ ಎಂಬುದು. ಹೂ ಮಳೆಯಲ್ಲಿ ಕೊಚ್ಚಿಹೋಗುವ ಸೇತುವೆಯಿಲ್ಲ, ತೇಲುವ ಕಾರಿಲ್ಲ. ಬಾರದ ಹೂ ಮಳೆಯನ್ನಂತೂ ಚಿತ್ರಿಸಲು ಯಾವ ಕ್ಯಾಮೆರಾಕ್ಕೂ ಸಾಧ್ಯವಿಲ್ಲ. 2021ರ ಜನವರಿಯಲ್ಲಿ, ಕೊಯ್ಲು ನಡೆಯುತ್ತಿದ್ದಾಗ, ಅಕಾಲದಲ್ಲಿ ಸುರಿದು ಗಿಡದ ಹಣ್ಣನ್ನು ಉದುರಿಸಿ ಕಣದ ಕಾಫಿಯನ್ನು ಕೊಳೆಯಿಸಿದ ಮಳೆಯೂ ಹೊರಗಿನ ಪತ್ರಿಕೆಗಳ ಒಳಪುಟಗಳಲ್ಲಿಯೇ ಮುಗಿದುಹೋಯಿತು.

ಇಷ್ಟನ್ನು ಬರೆದು, ದೂರದವರು ನಮ್ಮ ಮಳೆಯನ್ನು ತಮ್ಮ ಕಡೆಯಿಂದ ಮಾತ್ರ ಓದುತ್ತಾರೆ ಎಂದು ಬೀಗಿ ಕೂರಲು ಕೊಡಗಿನವರಿಗೆ ಹಕ್ಕಿದೆಯೆಂದು ನನಗೆ ತೋರುವುದಿಲ್ಲ. ರೊಬಸ್ಟಾದ ದರ ಲಂಡನ್ನಿನಲ್ಲಿ, ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ ನಿಗದಿಯಾಗುವುದರಿಂದ ನಮ್ಮ ತೋಟದವರು ಜಗತ್ತಿನ ಹವಾಮಾನದ ಕಟ್ಟಾ ಓದುಗರಾಗಿದ್ದಾರೆ. 2021ರ ಜುಲೈಯಲ್ಲಿ ಬ್ರೆಜಿಲ್ಲಿನ ಮಿನಾಸ್ ಜೆರೈಸ್ ಕಡೆ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಕರಕಲಾದ ಸುದ್ದಿ ಇಲ್ಲಿನ ಗುಂಪುಗಳಿಗೆ ಎಷ್ಟು ಬೇಗ ತಲುಪಿತೆಂದರೆ, ಪಕ್ಕದ ಊರಿನ ಬರೆ ಕುಸಿದದ್ದೂ ಅಷ್ಟು ಬೇಗ ತಲುಪುವುದಿಲ್ಲ. ವಿಯೆಟ್ನಾಂನಲ್ಲಿ ಬರ ಬಿದ್ದು ರೊಬಸ್ಟಾದ ಕೊರತೆ ಕಾಣಿಸಿಕೊಂಡ 2024ರಲ್ಲಿ ಇಲ್ಲಿ ರೊಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆಯ ಸಮೇತ ಒಣಗಿಸಿದ ಹಣ್ಣಿನ, 50 ಕೆ.ಜಿ. ಚೀಲ 10,000 ರೂಪಾಯಿ ದಾಟಿತು. ಡಾಕ್ ಲಾಕ್ ಎಂಬ ಪ್ರಾಂತ್ಯದ ಹೆಸರನ್ನು ಆವರೆಗೆ ಕೇಳದಿದ್ದವರು ಅಲ್ಲಿನ ಕೆರೆಗಳ ಮಟ್ಟದ ಬಗ್ಗೆ ಕಾಫಿ ವ್ಯಾಪಾರಿಯ ಅಂಗಡಿಯ ಬೆಂಚಿನ ಮೇಲೆ ಅಧಿಕಾರವಾಣಿಯಿಂದ ಮಾತನಾಡುತ್ತಿದ್ದರು. ಒಮ್ಮೆ ಅಲ್ಲಿ ಒಬ್ಬರು ಪೇಪರ್ ಮಡಚಿಟ್ಟು, "ಪಾಪ, ಅವರ ಗತಿ ಏನೋ" ಅಂದರು. ಪಕ್ಕದವರು ತಲೆ ಅಲ್ಲಾಡಿಸಿ, ಈ ವಾರವೇ ಮಾರುವುದೋ, ಅಲ್ಲಿ ಇನ್ನೂ ಹದಿನೈದು ದಿನ ಮಳೆಯಿಲ್ಲವಂತೆ, ಕಾಯುವುದೋ ಎಂದು ಕೇಳಿದರು. ಕಾಯುವುದೇ ಒಳ್ಳೆಯದೆಂದು ಎಲ್ಲರೂ ಒಪ್ಪಿದರು, ನಾನೂ ಸೇರಿದಂತೆ.